ಕಿವಿಗೆ ಕೈ ಎಟುಕಿದರೆ ಸಾಕೇ?



ಸಭೆಯಲ್ಲಿ ಅರವತ್ತು ದಾಟಿದವರು ಬಹಳ ಮಂದಿ ಕಾಣುತ್ತಿದ್ದೀರಿ. ನಿಮ್ಮಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ಕೇಳಿದರೆ ಕೈಗಳು ಸಾಲಾಗಿ ಮೇಲೇಳಬಹುದು. ಒಂದೇ ದಿನ ಇಷ್ಟು ಮಂದಿ ಹುಟ್ಟಿದ್ದು ಹೇಗೆ ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು. ಜನನ ಪತ್ರ ಇಲ್ಲದ ಕಾಲ. ಅಪ್ಪ ಮಗುವನ್ನು ಕರೆತಂದು ಮೇಷ್ಟ್ರ ಮುಂದೆ ನಿಲ್ಲಿಸುತ್ತಿದ್ದ. "ಯಾವಾಗ ಹುಟ್ಟಿದ್ದು?" ಎಂದರೆ "ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ" ಎಂಬ ಉತ್ತರ. ಮೇಷ್ಟ್ರು ಮಗುವಿನ ಕಡೆ ತಿರುಗಿ, "ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ನೋಡಾಣ" ಅನ್ನುತ್ತಿದ್ದರು. ಮುಟ್ಟಿದರೆ ದಾಖಲೆ. ಮುಟ್ಟದಿದ್ದರೆ "ಮುಂದಿನ ವರ್ಷ ಕರ್ಕೊಂಡು ಬಾರಪ್ಪ". ದಾಖಲಾದ ಮಗುವಿಗೆ ಆರು ವರ್ಷ ಹಿಂದಿನ ಇಸವಿ ಹಾಕಿ, ಜೂನ್ 1 ಎಂದು ಬರೆದುಬಿಟ್ಟರೆ ಮುಗಿಯಿತು. ಆ ತಾರೀಖಿನ ಮೇಲೆಯೇ ನೌಕರಿ, ಬಡ್ತಿ, ನಿವೃತ್ತಿ ಎಲ್ಲವೂ ನಡೆದವು.

ಈಗ ಇದನ್ನು ತಮಾಷೆಗೆ ಹೇಳಿಕೊಳ್ಳುತ್ತೇವೆ. ಅಷ್ಟು ಹಗುರವಾಗಿ ತಳ್ಳಿಹಾಕುವ ಅಳತೆ ಅದಲ್ಲ. ಹುಟ್ಟಿದ ಕೂಸಿನ ದೇಹದ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ ಇರುತ್ತದೆ. ಆಮೇಲೆ ತಲೆ ನಿಧಾನಕ್ಕೆ ಬೆಳೆಯುತ್ತದೆ, ಕೈಕಾಲು ಬಿರುಸಾಗಿ ಬೆಳೆಯುತ್ತವೆ. ನಾಲ್ಕೈದರಲ್ಲಿ ಬೆರಳ ತುದಿ ಕಿವಿಗಿಂತ ಮೇಲೆಯೇ ನಿಂತುಬಿಡುತ್ತದೆ. ಆರರ ಆಸುಪಾಸಿನಲ್ಲಿ ಕಿವಿ ಕೈಗೆ ಸಿಗುತ್ತದೆ. ಜರ್ಮನಿಯಲ್ಲಿ ಶಾಲೆ ಸೇರುವ ಮಕ್ಕಳ ದೇಹಪರೀಕ್ಷೆಯಲ್ಲಿ ವೈದ್ಯರು ಇದೇ ಅಳತೆಯನ್ನು ಬಳಸಿದ್ದುಂಟು. ಅಲ್ಲಿ ಅದಕ್ಕೆ ಫಿಲಿಪೀನೋ ಅಳತೆ ಎಂಬ ಹೆಸರು. ಹಾಲುಹಲ್ಲು ಬಿದ್ದಿದೆಯೇ, ಹಿಂದಿನ ದವಡೆ ಹಲ್ಲು ಮೂಡಿದೆಯೇ ಎಂದೂ ಬಾಯಿ ತೆರೆಸಿ ನೋಡುತ್ತಿದ್ದರು. ನಮ್ಮ ಹಳ್ಳಿ ಮೇಷ್ಟ್ರು ಯಾವ ಪುಸ್ತಕವನ್ನೂ ಓದದೆ ಅದೇ ಜಾಗಕ್ಕೆ ಬಂದಿದ್ದರು.

ತೊಂದರೆ ಇದ್ದದ್ದು ಬೇರೆ ಕಡೆ. ಹೊಟ್ಟೆ ತುಂಬ ಉಂಡು ಬೆಳೆದ ಗೌಡರ ಮಗನ ಕೈ ಐದೂವರೆಗೇ ಕಿವಿ ಮುಟ್ಟುತ್ತಿತ್ತು. ಅರೆಹೊಟ್ಟೆಯಲ್ಲಿ ಬೆಳೆದ ಜೀತದಾಳಿನ ಮಗಳಿಗೆ ಏಳಾದರೂ ಎಟುಕುತ್ತಿರಲಿಲ್ಲ. ಹಸಿವು ಕೈಯನ್ನು ಗಿಡ್ಡ ಮಾಡಿತ್ತು. ಆ ಗಿಡ್ಡ ಕೈಯನ್ನೇ ಕಾರಣ ಮಾಡಿ ಶಾಲೆ ಬಾಗಿಲು ಹಾಕಿಕೊಂಡಿತು. ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಒಂದು ಅನ್ಯಾಯಕ್ಕೇ ಸಂಬಂಧಿಸಿದೆ. ಮಗು ಎಲ್ಲಿದೆ ಎಂದು ತಿಳಿಯುವುದು ಬೇಕೇ ಬೇಕು. ಅದನ್ನು ತಿಳಿದುಕೊಂಡು ಮಗುವನ್ನು ಹೊರಗೆ ನಿಲ್ಲಿಸುವುದು ಮಾತ್ರ ಕೂಡದು. ಒಳಗೆ ಬಿಟ್ಟುಕೊಳ್ಳಲು ವಯಸ್ಸು ಸಾಕು. ಉಳಿದ ಅಳತೆಗಳೆಲ್ಲ ಕಲಿಸುವವರ ಅನುಕೂಲಕ್ಕೆ.

ವಯಸ್ಸಿನ ಮಾತನ್ನು ಬೇಗ ಮುಗಿಸುತ್ತೇನೆ, ಪತ್ರಿಕೆಗಳಲ್ಲಿ ನೀವೆಲ್ಲ ಓದಿ ದಣಿದಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟನೇ ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದು ಕರೆದು, ಒಂದನೇ ತರಗತಿಗೆ ಆರು ತುಂಬಿರಬೇಕು ಎಂದಿತು. ಕರ್ನಾಟಕದಲ್ಲಿ ಐದು ವರ್ಷ ಐದು ತಿಂಗಳಾದರೆ ಸಾಕು ಎಂಬ ನಿಯಮ ಇತ್ತು. 2022ರ ಜುಲೈನಲ್ಲಿ ಸರ್ಕಾರ ಜೂನ್ 1ಕ್ಕೆ ಆರು ತುಂಬಿರಲೇಬೇಕು ಎಂದು ಆದೇಶ ಮಾಡಿತು. ಆಗಲೇ ಎಲ್‌ಕೆಜಿ, ಯುಕೆಜಿಗೆ ಸೇರಿಸಿದ್ದ ಪೋಷಕರು ಗಲಾಟೆ ಎಬ್ಬಿಸಿದರು. ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಬಂದಾಗ ಮತ್ತೆ ಅದೇ ಗಲಾಟೆ. 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳೇ ಸಾಕು ಎಂದು ಸಡಿಲಿಸಿ, 2026-27ರಿಂದ ಆರು ಕಡ್ಡಾಯ ಎಂದರು.

ಪೋಷಕರ ಸಿಟ್ಟು ಸುಳ್ಳಲ್ಲ. ಎರಡೂವರೆ ವರ್ಷಕ್ಕೆ ಪ್ರೀ-ನರ್ಸರಿಗೆ ಕಳಿಸಿ ಎಂದು ಬೋರ್ಡು ಹಾಕಿ ಕರೆದವರು ಶಾಲೆಯವರೇ. ಮೂರು ವರ್ಷ ಫೀಸು ಕಟ್ಟಿಸಿಕೊಂಡ ಮೇಲೆ "ನಿಮ್ಮ ಮಗುವಿಗೆ ವಯಸ್ಸಾಗಿಲ್ಲ, ಯುಕೆಜಿಯನ್ನೇ ಇನ್ನೊಂದು ಸಲ ಓದಿಸಿ" ಅಂದರೆ ಯಾರಿಗೂ ಉರಿಯುತ್ತದೆ. ಆದರೆ ಆ ಸಿಟ್ಟಿನಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ಎರಡೂವರೆ ವರ್ಷದ ಮಗುವನ್ನು ಚೀಲ ಹೊರಿಸಿ ಕಳಿಸಿದ್ದು ಯಾತಕ್ಕೆ? ಇಂಥದೇ ಒಂದು ದೂರು 2023ರಲ್ಲಿ ಗುಜರಾತ್ ಹೈಕೋರ್ಟಿಗೆ ಹೋದಾಗ, ಮೂರು ತುಂಬದ ಮಗುವನ್ನು ಬಲವಂತವಾಗಿ ಶಾಲೆಗೆ ದಬ್ಬಿದ ತಂದೆತಾಯಿಯರದೇ ತಪ್ಪು ಎಂದು ನ್ಯಾಯಾಲಯ ಅರ್ಜಿದಾರರಿಗೇ ಕಟುವಾಗಿ ಹೇಳಿತು. ನನಗೆ ಕೇಳಿದರೆ ಆ ಬೈಗುಳದಲ್ಲಿ ಅರ್ಧ ಪಾಲು ಶಾಲೆಗಳಿಗೂ ಸಲ್ಲಬೇಕಿತ್ತು.

ಇನ್ನು ಆರೇ ಯಾಕೆ, ಐದು ಯಾಕಲ್ಲ, ಏಳು ಯಾಕಲ್ಲ? ಇಂಗ್ಲೆಂಡಿನವರು 1870ರ ಶಿಕ್ಷಣ ಕಾಯ್ದೆಯ ಕಾಲದಲ್ಲಿ ಐದನ್ನು ಆರಿಸಿದ್ದರ ಹಿಂದೆ ಮನಃಶಾಸ್ತ್ರವೇನೂ ಇರಲಿಲ್ಲ. ಮಕ್ಕಳನ್ನು ಬೀದಿಯಿಂದ ಬೇಗ ಒಳಗೆ ತಂದರೆ ಬೇಗ ಓದು ಮುಗಿಸಿ ಕೆಲಸಕ್ಕೂ ಸಿಗುತ್ತಾರೆ ಎಂಬ ಲೆಕ್ಕ ಅದು. ಫಿನ್ಲೆಂಡಿನವರು ಏಳಕ್ಕೆ ನಿಂತರು. 2015ರಿಂದ ಆರನೇ ವರ್ಷದ ಪೂರ್ವ ಪ್ರಾಥಮಿಕವನ್ನೂ ಕಡ್ಡಾಯ ಮಾಡಿಕೊಂಡರು. ಎರಡೂ ದೇಶದ ಮಕ್ಕಳು ಕೊನೆಗೆ ಓದು ಬರಹ ಕಲಿತೇ ಕಲಿಯುತ್ತಾರೆ. ಹೀಗಾಗಿ ಆರು ಎಂಬುದು ಬ್ರಹ್ಮಲಿಪಿಯಲ್ಲ. ಆದರೂ ಎಲ್ಲರಿಗೂ ಒಂದೇ ಗಡಿ ಇರಲಿ ಎಂಬ ಪಕ್ಷ ನನ್ನದು, ಯಾಕೆಂದರೆ ಗಡಿ ಇಲ್ಲದ ಕಡೆ ಇಂಟರ್‌ವ್ಯೂ ಬಂದು ಕೂರುತ್ತದೆ.

ಅದನ್ನು ಈಗ ಇಂಟರ್‌ವ್ಯೂ ಅನ್ನುವುದಿಲ್ಲ, ಇಂಟರಾಕ್ಷನ್ ಅನ್ನುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ; ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000ದವರೆಗೆ ದಂಡ. ಆದರೆ ಕಾಯ್ದೆಯ ಪ್ರಕಾರ ಮಗು ಎಂದರೆ ಆರು ದಾಟಿದವರು. ಆರಕ್ಕಿಂತ ಚಿಕ್ಕವರ ನರ್ಸರಿ ಪ್ರವೇಶಕ್ಕೆ ಇದು ಅನ್ವಯಿಸುವುದಿಲ್ಲ ಎಂದು 2013ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ದೊಡ್ಡ ಊರುಗಳ ಶಾಲೆಗಳಲ್ಲಿ ಪ್ರವೇಶವೆಲ್ಲ ಎಲ್‌ಕೆಜಿಯಲ್ಲೇ ಮುಗಿದುಹೋಗುವುದರಿಂದ ಒಂದನೇ ತರಗತಿಯ ಬಾಗಿಲಲ್ಲಿ ಕಾನೂನು ಕಾವಲು ನಿಂತಿದ್ದರೂ ಕಾಯಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

ಬಂಧುಗಳ ಮಗುವಿನ ಜೊತೆ ಬೆಂಗಳೂರಿನ ಒಂದು ಶಾಲೆಗೆ ಹೋಗಿದ್ದೆ. ಮೇಜಿನ ಆಚೆ ಇಬ್ಬರು ಮೇಡಂ, ಈಚೆ ನಾಲ್ಕು ವರ್ಷದ ಹುಡುಗಿ, ಹಿಂದೆ ಬೆವರುತ್ತಾ ಕೂತ ಅಪ್ಪ ಅಮ್ಮ. ಬಣ್ಣದ ಕಾರ್ಡು ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಹುಡುಗಿ ಸುಮ್ಮನಿತ್ತು. ಪ್ರಾಣಿಯ ಚಿತ್ರ ತೋರಿಸಿದರು. ಸುಮ್ಮನಿತ್ತು. "ಹೇಳು ಪುಟ್ಟಿ, ಮನೇಲಿ ಹೇಳ್ತಿದ್ಯಲ್ಲ" ಎಂದು ಅಮ್ಮ ಹಿಂದಿನಿಂದ ಪಿಸುಗುಟ್ಟಿದಳು. ಮೂರನೇ ಕಾರ್ಡು ಬಂದಾಗ ಮಗು ಕುರ್ಚಿಯಿಂದ ಇಳಿದು ನೇರವಾಗಿ ಮೇಡಂ ಮುಖ ನೋಡಿ, "ಮಿಸ್, ನಂಗೆ ಸುಸ್ಸು ಬರ್ತಿದೆ, ಎಲ್ಲಿ ಹೋಗ್ಬೇಕು?" ಅಂದಿತು. ಆಯಾ ಕೈ ಹಿಡಿದು ಕರೆದುಕೊಂಡು ಹೋದಳು. ಅಮ್ಮನನ್ನು ತಿರುಗಿ ಕೂಡ ನೋಡಲಿಲ್ಲ. ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಬಂದು ಮತ್ತೆ ಅದೇ ಕುರ್ಚಿ ಹತ್ತಿ ಕೂತಿತು. ಮೇಡಂಗಳು ನಕ್ಕರು, ಹಾಳೆಯಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಅಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ಬಣ್ಣ ಹೇಳದ ಮಗಳ ಮೇಲೆ ಮುನಿಸಿಕೊಂಡಿದ್ದ.

ನೋಡಿ, ಒಂದನೇ ತರಗತಿಗೆ ವರ್ಷಾನುಗಟ್ಟಲೆ ಪಾಠ ಮಾಡಿದವಳಾಗಿ ಹೇಳುತ್ತೇನೆ. ಮೂವತ್ತು ಮಕ್ಕಳ ಕೋಣೆಯಲ್ಲಿ ಜೂನ್ ತಿಂಗಳು ಮುಳುಗುವುದು ಬಣ್ಣ ಗೊತ್ತಿಲ್ಲದವರಿಂದಲ್ಲ. ಒಂದಕ್ಕೆ ಬಂದಿದೆ ಎಂದು ಹೇಳಲಾಗದೆ ಕೂತಲ್ಲೇ ಒದ್ದೆ ಮಾಡಿಕೊಂಡು ಮರುದಿನ ಶಾಲೆಗೇ ಬರೋಲ್ಲ ಅನ್ನುವ ಮಗುವಿನಿಂದ. ಪರಿಚಯವಿಲ್ಲದ ದೊಡ್ಡವರೊಬ್ಬರಿಗೆ ತನ್ನ ಅಗತ್ಯವನ್ನು ತಾನೇ ಹೇಳುವುದು, ಹೇಳಿ ಹೋಗಿ ಬರುವುದು, ಬಂದು ಬಿಟ್ಟ ಕೆಲಸಕ್ಕೆ ಮತ್ತೆ ಕೂರುವುದು: ಆ ಹುಡುಗಿ ಎರಡು ನಿಮಿಷದಲ್ಲಿ ಮೂರನ್ನೂ ಮಾಡಿ ತೋರಿಸಿತ್ತು.

ಹಾಗಾದರೆ ಏನನ್ನು ನೋಡಬೇಕು? ಮನೆಯಲ್ಲಿ, ಅಂಗನವಾಡಿಯಲ್ಲಿ ದಿನಾ ಕಾಣುವುದನ್ನೇ. ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತದೆಯೇ, ಚೆಲ್ಲಿದರೂ ಪರವಾಗಿಲ್ಲ, ತಾನೇ ಉಣ್ಣುತ್ತದೆಯೇ. ಚಪ್ಪಲಿ ಎಡ ಬಲ ತಪ್ಪಿದರೂ ಹಾಕಿಕೊಳ್ಳುತ್ತದೆಯೇ. "ಒಳಗಿಂದ ಚಾಪೆ ತಗೊಂಡು ಬಾ, ಬಾಗಿಲು ಮುಂದೆ ಮಾಡು" ಎಂದು ಒಂದೇ ಉಸಿರಿಗೆ ಎರಡು ಕೆಲಸ ಹೇಳಿದರೆ ಎರಡನೆಯದೂ ನೆನಪಿರುತ್ತದೆಯೇ. ಕುಂಟಾಬಿಲ್ಲೆಯಲ್ಲಿ ತನ್ನ ಸರದಿ ಬರುವವರೆಗೆ ಕಾಯುತ್ತದೆಯೇ, ಔಟಾದಾಗ ಅತ್ತು ರಂಪ ಮಾಡಿಯಾದರೂ ಮತ್ತೆ ಆಟಕ್ಕೆ ಬರುತ್ತದೆಯೇ. ಮೊನ್ನೆ ಅಜ್ಜಿಯ ಊರಲ್ಲಿ ಏನಾಯಿತು ಎಂದು ಕೇಳಿದರೆ ಮೊದಲು ಬಸ್ಸು, ಆಮೇಲೆ ಜಾತ್ರೆ, ಆಮೇಲೆ ಪೀಪಿ ಎಂದು ಒಂದು ಕ್ರಮದಲ್ಲಿ ಹೇಳುತ್ತದೆಯೇ. ಕನ್ನಡದಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ ಲಂಬಾಣಿಯಲ್ಲೋ, ಯಾವ ಭಾಷೆಯಲ್ಲಾದರೂ ಸರಿ. ಮನೆ ಮಾತಿನಲ್ಲಿ ಹೀಗೆ ಕತೆ ಹೇಳುವ ಮಗು ಪಠ್ಯದ ಮಾತನ್ನೂ ಹಿಡಿಯುತ್ತದೆ. ಅಮ್ಮ ಬಾಗಿಲಲ್ಲಿ ಬಿಟ್ಟು ಹೋದಾಗ ಅಳುವುದು ಲೆಕ್ಕಕ್ಕಿಲ್ಲ, ಅಳದಿದ್ದರೇ ನನಗೆ ಗುಮಾನಿ. ಅತ್ತ ಮೇಲೆ ಎಷ್ಟು ಹೊತ್ತಿಗೆ ಸುಮ್ಮನಾಯಿತು, ಯಾರ ಪಕ್ಕ ಹೋಗಿ ಕೂತಿತು ಎಂಬುದನ್ನು ನೋಡಬೇಕು.

ಇದೆಲ್ಲ ನಡತೆಯ ಮಾತಾಯಿತು, ವಿದ್ಯೆ ಎಲ್ಲಿ ಎಂದು ನೀವು ಕೇಳಬಹುದು. ಕೇಳಲೇಬೇಕು. ಅಮೆರಿಕ, ಬ್ರಿಟನ್, ಕೆನಡಾದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಆರು ಅಧ್ಯಯನಗಳನ್ನು ಒಟ್ಟು ಮಾಡಿ ಗ್ರೆಗ್ ಡಂಕನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಲೇಖನ ಬರೆದರು. ಶಾಲೆ ಸೇರುವಾಗಿನ ಯಾವ ಗುಣ ಮುಂದಿನ ಕಲಿಕೆಯನ್ನು ಮೊದಲೇ ತಿಳಿಸುತ್ತದೆ ಎಂಬುದು ಅವರ ಪ್ರಶ್ನೆ. ಮೊದಲನೆಯದು ಎಣಿಕೆ ಪ್ರಮಾಣಗಳ ತಿಳಿವು, ಆಮೇಲೆ ಓದಿನ ಮೊದಲ ಪಾಠ, ಆಮೇಲೆ ಗಮನ. ತುಂಟತನ, ಹಟ ಮುಂತಾದ ನಡತೆಗಳಿಗೆ ಅಷ್ಟೇನೂ ತೂಕ ಕಾಣಲಿಲ್ಲ. ನಡತೆ ನಡತೆ ಎಂದು ಜಪ ಮಾಡುವ ನಮ್ಮಂಥವರಿಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ. ಆದರೆ ಎಣಿಕೆಯ ತಿಳಿವು ಎಂದರೆ ನೂರರವರೆಗೆ ಒಪ್ಪಿಸುವುದಲ್ಲ.

ಮೈಸೂರು ಕಡೆಯ ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಧ್ಯಾಹ್ನದ ಊಟಕ್ಕೆ ಮಕ್ಕಳು ಗೋಡೆಗುಂಟ ಕೂತಿದ್ದವು. ತಟ್ಟೆ ಹಾಕುವ ಕೆಲಸ ಐದು ದಾಟಿದ ಒಬ್ಬ ಹುಡುಗನದು. ಹಾಕುತ್ತಾ ಹಾಕುತ್ತಾ ಕೊನೆಗೆ ಕೈಯಲ್ಲಿ ಎರಡು ತಟ್ಟೆ ಉಳಿದವು. ಅವನು ಸಾಲನ್ನು ಒಮ್ಮೆ ನೋಡಿ, "ಮಿಸ್, ಎರಡು ಜಾಸ್ತಿ ಆಯ್ತು. ಸಿದ್ದ ಬಂದಿಲ್ಲ, ಅವನ ತಂಗೀನೂ ಬಂದಿಲ್ಲ" ಎಂದ. ಮೊಟ್ಟೆ ಬಿಡಿಸುತ್ತಿದ್ದ ಟೀಚರ್, "ಆಯ್ತು ಎತ್ತಿಡಪ್ಪ" ಎಂದು ನನ್ನ ಕಡೆ ತಿರುಗಿ, "ಇವನಿಗೆ ಇಪ್ಪತ್ತರ ಮೇಲೆ ಹೇಳಕ್ಕೇ ಬರಲ್ಲ ಮೇಡಂ, ಅವರಪ್ಪ ಕಾನ್ವೆಂಟಿಗೆ ಹಾಕ್ಬೇಕು ಅಂತವ್ನೆ" ಎಂದು ಬೇಸರ ತೋಡಿಕೊಂಡರು. ಒಬ್ಬರಿಗೊಂದು ತಟ್ಟೆ ಎಂಬ ಹೊಂದಿಕೆ, ಉಳಿಕೆ, ಉಳಿದದ್ದಕ್ಕೆ ಕಾರಣ: ಗಣಿತದ ಅಡಿಪಾಯವೆಲ್ಲ ಆ ಒಂದು ಮಾತಿನಲ್ಲಿತ್ತು. ನೂರರವರೆಗೆ ಗಿಳಿಪಾಠ ಒಪ್ಪಿಸಿ, ಐದು ಹುಣಸೆ ಬೀಜ ಎಣಿಸಿಕೊಡು ಎಂದರೆ ಏಳು ಕೊಡುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಕ್ಷರದ ವಿಷಯದಲ್ಲಂತೂ ನಮ್ಮ ಆತುರಕ್ಕೆ ಮಿತಿಯೇ ಇಲ್ಲ. ಮಗು ಮೂರಕ್ಕೆ ವೃತ್ತವನ್ನು ನೋಡಿ ಬರೆಯುತ್ತದೆ, ನಾಲ್ಕು ನಾಲ್ಕೂವರೆಗೆ ಚೌಕ, ಐದಕ್ಕೆ ತ್ರಿಕೋನ. ವಜ್ರದಾಕೃತಿಯ ಓರೆ ಗೆರೆಗಳು ಕೈಗೆ ಬರಲು ಆರು ಏಳು ಆಗಬೇಕು. ಇದು ಮಕ್ಕಳ ತಜ್ಞರೆಲ್ಲ ಒಪ್ಪುವ ಲೆಕ್ಕ. ಹೀಗಿರುವಾಗ ನಾಲ್ಕರ ಮಗುವಿನ ಕೈ ಹಿಡಿದು ಅ, ಈ, ಋ ತಿದ್ದಿಸುತ್ತೇವೆ. ನಮ್ಮ ಲಿಪಿ ಗುಂಡಗೆ ನೋಡಲು ಚೆಂದ, ಬರೆಯಲು ಕಷ್ಟ. ಸ್ವರ, ವ್ಯಂಜನ, ಕಾಗುಣಿತ ಎಲ್ಲ ಸೇರಿಸಿದರೆ ಕಲಿಯಬೇಕಾದ ಆಕೃತಿಗಳು ನಾನೂರಕ್ಕೂ ಹೆಚ್ಚು, ಒತ್ತಕ್ಷರ ಬೇರೆ. ಕನ್ನಡ ಮಕ್ಕಳು ಓದು ಕಲಿಯುವ ವೇಗವನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ ಅವರ 2007ರ ಲೇಖನ ಹೇಳಿದ್ದು ಇದನ್ನೇ: ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಲೆಕ್ಕದಲ್ಲಿ ನಮ್ಮ ಮಕ್ಕಳನ್ನು ಅಳೆಯಬಾರದು, ಕನ್ನಡದ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಹಾಗಿರುವಾಗ ಒಂದನೇ ತರಗತಿಯ ಬಾಗಿಲಲ್ಲೇ ಕಾಗುಣಿತ ಕೇಳುವುದು ಎಲ್ಲಿಯ ನ್ಯಾಯ? ಆ ವಯಸ್ಸಿಗೆ ಬೇಕಾದ್ದು ಕಿವಿಯ ತಯಾರಿ. 'ಮರ', 'ಮನೆ', 'ಮಳೆ' ಮೂರೂ ಒಂದೇ ಸದ್ದಿನಿಂದ ಶುರುವಾಗುತ್ತವೆ ಎಂದು ಮಗು ಗುರುತಿಸಿದರೆ, ಚಪ್ಪಾಳೆ ತಟ್ಟಿ ತನ್ನ ಹೆಸರನ್ನು ಒಡೆದು ಹೇಳಿದರೆ ಸಾಕು. ಶಿಶುಗೀತೆ, ಒಗಟು, ಪ್ರಾಸದ ಆಟಗಳು ಇದಕ್ಕಾಗಿಯೇ ಇವೆ. ಜಿ.ಪಿ. ರಾಜರತ್ನಂ ಬರೆದ ಮಕ್ಕಳ ಹಾಡುಗಳು ಮಾಡುವ ಕೆಲಸವನ್ನು ಯಾವ ವರ್ಕ್‌ಶೀಟೂ ಮಾಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ತಯಾರಾಗಿಲ್ಲ ಎಂದು ನಾವು ಹಣೆಪಟ್ಟಿ ಹಚ್ಚಿದ ಮಕ್ಕಳಲ್ಲಿ ಒಂದಿಷ್ಟು ಮಂದಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಕಣ್ಣು ಸರಿಯಾಗಿ ಕಾಣುವುದಿಲ್ಲ. ನೆಗಡಿ ಕೆಮ್ಮಿನಿಂದ ನಡುಗಿವಿಯಲ್ಲಿ ನೀರು ತುಂಬಿ ತಿಂಗಳುಗಟ್ಟಲೆ ಮಂದ ಕೇಳಿಸುವ ಮಗು "ಹೇಳಿದ ಮಾತು ಕೇಳಲ್ಲ" ಎಂದು ಬೈಸಿಕೊಳ್ಳುತ್ತದೆ. ಕೇಳಿಸಿದರೆ ತಾನೇ ಕೇಳುವುದು! ಹಳ್ಳಿಗಳಲ್ಲಿ ಸೋರುವ ಕಿವಿಗೆ ಎಣ್ಣೆ ಬಿಟ್ಟು ಸುಮ್ಮನಾಗುವ ರೂಢಿ ಇನ್ನೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಬಂದಾಗ ಮಗು ಅಲ್ಲಿ ಇರುವಂತೆ ನೋಡಿಕೊಳ್ಳಿ. ಮಾತು ತಡವಾದರೆ, ಉಚ್ಚಾರ ತೀರಾ ತಿಳಿಯದಂತಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಸಂಸ್ಥೆ ನಮ್ಮ ನಾಡಿನಲ್ಲೇ ಇರುವುದು ಪುಣ್ಯ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಎಂದು ಅಜ್ಜಿ ಹೇಳಿದರೆ, ಅಜ್ಜಿಗೆ ಹೂಂ ಅಂದು ಮಗುವನ್ನು ತೋರಿಸಿಕೊಂಡು ಬನ್ನಿ.

ಇನ್ನು ಕಿರಿಯರ ಪಾಡು. ಆರು ವರ್ಷದ ಮಗುವಿಗೆ ಒಂದು ವರ್ಷ ಎಂದರೆ ಇದುವರೆಗಿನ ಬದುಕಿನ ಆರನೇ ಒಂದು ಭಾಗ. ಜೂನ್ 1ಕ್ಕೆ ಸರಿಯಾಗಿ ಆರು ತುಂಬಿದ ಮಗುವೂ ಏಳಕ್ಕೆ ಒಂದು ದಿನ ಕಡಿಮೆ ಇರುವ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2012ರ ಅಧ್ಯಯನದಲ್ಲಿ, ಡಿಸೆಂಬರಿನಲ್ಲಿ ಹುಟ್ಟಿದ, ಅಂದರೆ ತರಗತಿಗೆಲ್ಲ ಕಿರಿಯರಾದ ಹುಡುಗರಿಗೆ ಎಡಿಎಚ್‌ಡಿ ಎಂಬ ಚಂಚಲತೆಯ ಕಾಯಿಲೆ ಇದೆ ಎಂದು ಹೇಳಿಸಿಕೊಳ್ಳುವ ಸಂಭವ ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ. 30ರಷ್ಟು ಹೆಚ್ಚಿತ್ತು, ಹುಡುಗಿಯರಲ್ಲಿ ಶೇ. 70. ಅಮೆರಿಕದ 2018ರ ಅಧ್ಯಯನವೂ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಹುಟ್ಟಿದವರನ್ನು ಹೋಲಿಸಿ ಇಂಥದೇ ಫಲ ಕಂಡಿತು. ಮಗು ಚಿಕ್ಕದು ಎಂಬುದನ್ನು ಮಗುವಿಗೆ ಕಾಯಿಲೆ ಇದೆ ಎಂದು ಓದಿಕೊಂಡ ಹಾಗಾಯಿತು. ನಮ್ಮಲ್ಲಿ ಮಾತ್ರೆ ಕೊಡುವವರು ಕಡಿಮೆ, ಆದರೆ "ದಡ್ಡ" ಎಂಬ ಹೆಸರು ಪುಕ್ಕಟೆ ಸಿಗುತ್ತದೆ.

ಗಡಿಯನ್ನು ಎಲ್ಲಿಗೆ ಸರಿಸಿದರೂ ಕಿರಿಯವನು ಒಬ್ಬ ಇದ್ದೇ ಇರುತ್ತಾನೆ, ಹೆಸರು ಬದಲಾಗುತ್ತದೆ ಅಷ್ಟೆ. ಹೀಗಾಗಿ ಒಂದು ವರ್ಷದ ಅಂತರವನ್ನು ತಡೆದುಕೊಳ್ಳುವ ತರಗತಿ ಬೇಕು. ಅಂಥದ್ದೊಂದು ನಮ್ಮ ಬಳಿಯೇ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕೂತು ಕಟ್ಟಿದ ನಲಿ-ಕಲಿ. ಕಲಿಕಾ ಏಣಿ, ಕಾರ್ಡುಗಳು, ಗುಂಪನ್ನು ಗುರುತಿಸುವ ತಟ್ಟೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕರಿಹಲಗೆ. ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿರಬೇಕು ಎಂಬ ಹಟ ಅಲ್ಲಿ ಇರಲಿಲ್ಲ. ಜಾತ್ರೆಗೋ ಜ್ವರಕ್ಕೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಿತ್ತು. ಮುಂದೆ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿದಾಗ ಕಾರ್ಡು ಹರಿದವು, ತರಬೇತಿ ತೆಳುವಾಯಿತು, ಒಬ್ಬರೇ ಶಿಕ್ಷಕರಿಗೆ ಮೂರು ತರಗತಿ ಒಟ್ಟಾಗಿ ಬಿದ್ದವು. ಪದ್ಧತಿ ಸೋತಿತು ಎನ್ನುವವರೊಡನೆ ನನ್ನ ಜಗಳವಿದೆ: ಪೂರ್ತಿ ಮಾಡದೆ ಬಿಟ್ಟದ್ದನ್ನು ಸೋತಿತು ಎನ್ನಲಾಗದು.

ಕಾಯುವ ವರ್ಷದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಈ ಚರ್ಚೆಯಲ್ಲಿ ಎಲ್ಲರೂ ಹಾರಿಸಿಬಿಡುವ ಪ್ರಶ್ನೆ. ಜರ್ಮನಿಯಲ್ಲಿ ಆರ್ಟೂರ್ ಕೆರ್ನ್ ಎಂಬ ಶಿಕ್ಷಣ ತಜ್ಞ 1951ರಲ್ಲಿ ಒಂದು ಪುಸ್ತಕ ಬರೆದು, ಮೊದಲ ತರಗತಿಯಲ್ಲಿ ನಪಾಸಾಗುವವರಲ್ಲಿ ಬಹಳ ಮಂದಿ ಹಣ್ಣಾಗುವ ಮೊದಲೇ ಬಂದವರು, ಒಂದು ವರ್ಷ ತಡೆದು ಸೇರಿಸಿದರೆ ಆಯಿತು ಎಂದರು. ಆಮೇಲಿನ ಸಂಶೋಧಕರು ಒಪ್ಪಲಿಲ್ಲ. ಸುಮ್ಮನೆ ಕಾದರೆ ಏನೂ ಆಗದು, ಕಾಯುವಾಗ ಮಗುವಿಗೆ ಏನು ಸಿಕ್ಕಿತು ಎಂದು ಕೇಳಿ ಎಂದರು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಆ ವರ್ಷ ಅಜ್ಜಿಯ ಕತೆ, ಬಣ್ಣದ ಪುಸ್ತಕ, ಇನ್ನೊಂದು ಯುಕೆಜಿ. ಅಪ್ಪನಿಗೆ ಇನ್ನೊಂದು ವರ್ಷದ ಫೀಸು. ಯಾದಗಿರಿಯಿಂದ ಗುಳೆ ಬಂದು ಕಟ್ಟಡದ ಕೆಲಸ ಮಾಡುವ ತಾಯಿಯ ಮಗುವಿಗೆ ಆ ವರ್ಷ ಜಲ್ಲಿ ರಾಶಿಯ ಪಕ್ಕ ತಮ್ಮನನ್ನು ಎತ್ತಿಕೊಂಡು ಕೂರುವ ಕೆಲಸ. ಎರಡನ್ನೂ ಒಂದೇ ಆದೇಶದಲ್ಲಿ ಕಾಯಿರಿ ಎನ್ನುವ ಸರ್ಕಾರ ಎರಡನೆಯ ಮಗುವಿಗೆ ಏನನ್ನಾದರೂ ಕೊಡಲೇಬೇಕು.

ಕೊಡುವ ಜಾಗ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲೊಂದು. ಐವತ್ತು ವರ್ಷದಲ್ಲಿ ಅಂಗನವಾಡಿ ಊರೂರಿಗೆ ಬಂತು, ಆದರೆ ಅದನ್ನು ಇವತ್ತಿಗೂ ಅನ್ನ ಮೊಟ್ಟೆ ಹಾಕುವ ಜಾಗ ಎಂದೇ ಜನ ತಿಳಿದಿದ್ದಾರೆ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳಲ್ಲಿ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟನೇ ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಹೊರಬಂತು. ಅಂಗನವಾಡಿಗಳಲ್ಲಿ ಕಲಿಕೆ ಕಮ್ಮಿ, ಖಾಸಗಿ ನರ್ಸರಿಗಳಲ್ಲಿ ಕಲಿಕೆಯ ಹೆಸರಿನಲ್ಲಿ ಬರೀ ಬರೆಸುವುದು. ಎರಡರಿಂದಲೂ ಐದು ವರ್ಷದ ಮಕ್ಕಳ ಸಿದ್ಧತೆ ಕೆಳಮಟ್ಟದಲ್ಲೇ ಇತ್ತು. ಕಾನ್ವೆಂಟಿಗೆ ದುಡ್ಡು ಸುರಿಯುವವರು ಇದನ್ನು ಎರಡು ಸಲ ಓದಬೇಕು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಆಮೇಲೆ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಎಂದು ಆರಂಭವಾಯಿತು. ಯಾವ ಇಲಾಖೆಯ ಸೂರಿನ ಕೆಳಗೆ ಎಂಬ ಜಗಳ ದೊಡ್ಡವರದು. ಮಗುವಿಗೆ ಬೇಕಾದ್ದು ಒಬ್ಬ ತರಬೇತಿಯಾದ ಟೀಚರ್, ರಿಜಿಸ್ಟರು ಬರೆಯುವುದರಿಂದ ಆಕೆಗೆ ದಿನಕ್ಕೆರಡು ಗಂಟೆ ಬಿಡುವು.

ನನ್ನ ಬೇಡಿಕೆ ಚಿಕ್ಕದು. ಅಂಗನವಾಡಿ ಅಥವಾ ಯುಕೆಜಿಯ ಟೀಚರ್ ಮಗುವನ್ನು ಒಂದೆರಡು ವರ್ಷ ದಿನಾ ನೋಡಿದವರು. ಮೇಜಿನ ಆಚೆ ಹತ್ತು ನಿಮಿಷ ಕೂತವರಿಗಿಂತ ಅವರಿಗೆ ಸಾವಿರ ಪಾಲು ಗೊತ್ತು. ಏಪ್ರಿಲ್‌ನಲ್ಲಿ ಪ್ರತಿ ಮಗುವಿನ ಬಗ್ಗೆ ಅವರು ಕನ್ನಡದಲ್ಲಿ ಒಂದು ಪುಟ ಬರೆಯಲಿ. ಅಂಕ ಬೇಡ, ಗ್ರೇಡು ಬೇಡ. ಇವಳು ಕತೆ ಚೆನ್ನಾಗಿ ಹೇಳುತ್ತಾಳೆ, ಗುಂಪಿನಲ್ಲಿ ಮಾತಾಡಳು. ಇವನು ಎಣಿಸುತ್ತಾನೆ, ಪೆನ್ಸಿಲ್ ಹಿಡಿಯಲು ಕಷ್ಟ. ಇವನ ಬಲಗಿವಿ ತೋರಿಸಬೇಕು. ಆ ಪುಟ ಒಂದನೇ ತರಗತಿಯ ಶಿಕ್ಷಕರ ಕೈಗೆ ಹೋಗಲಿ, ಪ್ರವೇಶ ಸಮಿತಿಯ ಕೈಗೆ ಹೋಗುವುದು ಬೇಡ. ಶಾಲೆಯ ಮೊದಲ ಮೂರು ತಿಂಗಳಿಗೆ 'ವಿದ್ಯಾಪ್ರವೇಶ' ಎಂಬ ಆಟಪಾಠದ ಕಾರ್ಯಕ್ರಮವನ್ನು ಎನ್‌ಸಿಇಆರ್‌ಟಿ 2021ರಲ್ಲೇ ರೂಪಿಸಿಕೊಟ್ಟಿದೆ. ಅದನ್ನು ಎರಡು ವಾರಕ್ಕೆ ಮುಗಿಸಿ "ಪೋರ್ಷನ್ ಆಗಬೇಕು" ಎಂದು ಪುಸ್ತಕ ತೆಗೆಸುವ ಮುಖ್ಯೋಪಾಧ್ಯಾಯರು ಈ ಸಭೆಯಲ್ಲಿ ಇದ್ದರೆ, ದಯವಿಟ್ಟು ಹಾಗೆ ಮಾಡಬೇಡಿ.

ಪೋಷಕರಿಗೂ ಒಂದು ಮಾತು. ಆರಕ್ಕೆ ಹತ್ತು ದಿನ, ಎರಡು ತಿಂಗಳು ಕಡಿಮೆ ಬಿದ್ದರೆ ಶಿಫಾರಸು ಹಿಡಿದು ಓಡಾಡಬೇಡಿ, ಜನನ ಪತ್ರ ತಿದ್ದಿಸಬೇಡಿ. ಆ ಒಂದು ವರ್ಷದಿಂದ ಮುಂದೆ ನೌಕರಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಶಿಕ್ಷಕ ಮಿತ್ರರಲ್ಲಿ ಇನ್ನೊಂದು ವಿನಂತಿ: ನಿಮ್ಮ ಶಾಲೆಗೂ ಪಕ್ಕದ ಅಂಗನವಾಡಿಗೂ ನಡುವೆ ಹೆಚ್ಚೆಂದರೆ ಒಂದು ಕಾಂಪೌಂಡ್ ಗೋಡೆ ಇರಬಹುದು. ಬರುವ ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ, ಚಾಪೆಯ ಮೇಲೆ ಕೂತು, ಜೂನ್‌ನಲ್ಲಿ ನಿಮ್ಮ ತರಗತಿಗೆ ಬರಲಿರುವ ಒಂದೊಂದು ಮಗುವಿನ ಹೆಸರು ಹಿಡಿದು ಟೀಚರನ್ನು ಕೇಳಿ, ಬರೆದುಕೊಳ್ಳಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.